ತೆ ಎಂಬ ಒಂದಕ್ಷರ

ನಾನು ಜರ್ಮನ್ ಕಲಿಯಲು ಹೋದದ್ದು ಯಾವ ಘನ ಉದ್ದೇಶದಿಂದಲೂ ಅಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು, ವಾರಾಂತ್ಯದ ಸಂಜೆಗಳನ್ನು ಏನು ಮಾಡಬೇಕೆಂದು ತಿಳಿಯದೆ ಒಂದು ತರಗತಿಗೆ ಹೆಸರು ಕೊಟ್ಟೆ. ಮೂರನೆಯ ತಿಂಗಳೋ ನಾಲ್ಕನೆಯದೋ ಇರಬೇಕು, ಮೇಷ್ಟ್ರು ಬೋರ್ಡಿನ ಮೇಲೆ ನಾಲ್ಕು ಬಾಲಗಳನ್ನು ಬರೆದರು: ಹೈಟ್, ಕೈಟ್, ಶಾಫ್ಟ್, ಉಂಗ್. ಇವುಗಳಲ್ಲಿ ಒಂದನ್ನು ಹಚ್ಚಿದರೆ ಕಣ್ಣಿಗೆ ಕಾಣುವುದು ಕಾಣದ್ದಾಗುತ್ತದೆ ಎಂದರು. ಫ್ರೈ ಎಂದರೆ ಸ್ವತಂತ್ರ, ಫ್ರೈಹೈಟ್ ಎಂದರೆ ಸ್ವಾತಂತ್ರ್ಯ. ಕ್ರಾಂಕ್ ಎಂದರೆ ಕಾಯಿಲೆ ಬಿದ್ದ, ಕ್ರಾಂಕ್‌ಹೈಟ್ ಎಂದರೆ ಕಾಯಿಲೆ. ಕಿಂಡ್ ಮಗು, ಕಿಂಡ್‌ಹೈಟ್ ಬಾಲ್ಯ. ಫ್ರಾಯ್ಂಡ್ ಗೆಳೆಯ, ಫ್ರಾಯ್ಂಡ್‌ಶಾಫ್ಟ್ ಗೆಳೆತನ. ಇವೆಲ್ಲ ಸ್ತ್ರೀಲಿಂಗ, ಕಣ್ಣುಮುಚ್ಚಿ ನೆನಪಿಡಿ ಎಂದರು. ಟೂಮ್ ಎಂಬ ಇನ್ನೊಂದು ಬಾಲವಿದೆ, ಅದು ನಪುಂಸಕ. ಆದರೆ ಅದರಲ್ಲಿ ಎರಡು ಪದ ಮಾತ್ರ ಪುಲ್ಲಿಂಗವಂತೆ, ರೈಷ್‌ಟೂಮ್ ಮತ್ತು ಇರ್‌ಟೂಮ್, ಅಂದರೆ ಸಿರಿತನ ಮತ್ತು ತಪ್ಪು. ಗಂಡಸರಿಗೆ ಹಂಚಿಕೆಯಾದದ್ದು ಅವೆರಡೇ ನೋಡಿ ಎಂದು ನಕ್ಕರು.

ಪಕ್ಕದಲ್ಲಿದ್ದವರು ತಲೆ ಚಚ್ಚಿಕೊಳ್ಳುತ್ತಿದ್ದರೆ ನನಗೆ ಹೈಸ್ಕೂಲಿನ ವ್ಯಾಕರಣದ ಪಾಠದಲ್ಲಿ ಕೂತಂತಾಯಿತು. ಜಾಣ ಪ್ಲಸ್ ತನ ಜಾಣತನ, ಚೆಲುವು ಪ್ಲಸ್ ಇಕೆ ಚೆಲುವಿಕೆ, ಹಿರಿದು ಪ್ಲಸ್ ಮೆ ಹಿರಿಮೆ, ಬಿಳಿದು ಪ್ಲಸ್ ಪು ಬಿಳುಪು. ತದ್ಧಿತಾಂತ ಭಾವನಾಮ, ಎರಡು ಅಂಕ. ಭಾವನಾಮ ಎಂದರೆ ಭಾವನೆಗಳ ಹೆಸರು, ಸಿಟ್ಟು ಸಂತೋಷ ಇತ್ಯಾದಿ ಎಂದು ಬರೆದು ಒಂದು ಅಂಕ ಕಳೆದುಕೊಂಡವನು ನಾನು. ಭಾವ ಎಂದರೆ ಅಲ್ಲಿ ಇರುವಿಕೆ. ಅದು ಹಾಗೆ ಇರುವುದರ ಹೆಸರು. ಪಾಣಿನಿ ತ್ವ ಮತ್ತು ತಾ ಎಂಬ ಎರಡು ಪ್ರತ್ಯಯಗಳನ್ನು ಹೇಳಿದ್ದು ಈ ಅರ್ಥಕ್ಕೇ. ಆ ತಾ ಕನ್ನಡಕ್ಕೆ ಬರುವ ಹೊತ್ತಿಗೆ ತೆ ಆಯಿತು. ಮನುಷ್ಯತ್ವ, ಮಾನವೀಯತೆ, ಜಾತೀಯತೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ತದ್ಧಿತಕ್ಕೇ ಒಂದು ಪ್ರಕರಣ ಇಟ್ಟ. ಆ ಪುಸ್ತಕವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಫರ್ಡಿನಾಂಡ್ ಕಿಟೆಲ್. ಹೈಟ್ ಕೈಟ್‌ಗಳ ನಡುವೆ ಹುಟ್ಟಿ ಬೆಳೆದ ಮನುಷ್ಯ ನಮ್ಮ ತನ, ಇಕೆ, ಮೆಗಳನ್ನು ಎದುರಿಗಿಟ್ಟುಕೊಂಡು ಕೂತು, 1894ರಲ್ಲಿ ನಿಘಂಟು ಮುಗಿಸಿದರು. ಅವರು ಬಂದ ದಾರಿಯಲ್ಲಿ ನಾನು ಹಿಮ್ಮುಖವಾಗಿ ನಾಲ್ಕು ಹೆಜ್ಜೆ ಇಡುತ್ತಿದ್ದೇನೆ ಎಂದುಕೊಂಡು ಆ ಸಂಜೆ ಸ್ವಲ್ಪ ಬೀಗಿದೆ.

ನಮ್ಮೂರು ಕೂಟಗಲ್. ರಾಮನಗರದಿಂದ ಮೇಲಕ್ಕೆ, ಬಂಡೆಗಳ ನಡುವೆ, ತಿಮ್ಮಪ್ಪನ ಬೆಟ್ಟದ ಕೆಳಗೆ. ಊರಿನ ಹೆಸರೇ ಒಂದು ವ್ಯಾಕರಣದ ಪಾಠ. ಕೂಟ ಮತ್ತು ಕಲ್ ಸೇರಿದಾಗ ಕಕಾರಕ್ಕೆ ಗಕಾರ ಬರುವುದು ಆದೇಶ ಸಂಧಿ. ಕೂಟ ಎಂದರೆ ಸಂಸ್ಕೃತದಲ್ಲಿ ಶಿಖರವೂ ಹೌದು. ಆದರೆ ನನಗೆ ಕನ್ನಡದ ಕೂಟವೇ ಇಷ್ಟ, ಕೂಡು ಎಂಬ ಕ್ರಿಯೆಯಿಂದ ಆದದ್ದು. ಆಡು ಆಟ, ಓಡು ಓಟ, ನೋಡು ನೋಟ, ಕಾಡು ಕಾಟ, ಕೂಡು ಕೂಟ. ಇಲ್ಲಿ ಬಾಲ ಹಚ್ಚುವ ಕೆಲಸವೇ ಇಲ್ಲ, ಧಾತು ಒಳಗೊಳಗೇ ಗಟ್ಟಿಯಾಗುತ್ತದೆ. ಓಟ ಎಂದಾಗ ಓಡುವವನ ಉಸಿರು ಇನ್ನೂ ಕೇಳಿಸುತ್ತದೆ. ನಗು, ಅಳು, ಸಾವು, ನೋವು ಇವೂ ಅಷ್ಟೇ, ಮನುಷ್ಯನ ಮೈಯಿಂದ ಹೆಚ್ಚು ದೂರ ಹೋಗಿಲ್ಲ. ತನ ಬಂದರೆ ಒಂದು ಹೆಜ್ಜೆ ದೂರ. ಮನೆಗೆ ತನ ಹತ್ತಿ ಮನೆತನವಾದಾಗ ಗೋಡೆ, ಹೆಂಚು, ಒಲೆ ಎಲ್ಲ ಕರಗಿ ಹೋಗುತ್ತವೆ, ಹೆಣ್ಣು ನೋಡಲು ಬಂದವರ ಬಾಯಲ್ಲಿ ಉಳಿಯುವುದು ಬೇರೆ ಏನೋ. ‘ಒಳ್ಳೆ ಮನೆತನ’ ಎಂದರೆ ಏನೆಂದು ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು, ಬಿಡಿಸಿ ಹೇಳಬೇಕಾಗಿಲ್ಲ. ತೆ ಬಂದರೆ ಇನ್ನೂ ದೂರ. ನಾನು ಬರೆಯಲು ಹೊರಟಿರುವುದು ಆ ದೂರದ ಬಗ್ಗೆ.

ಒಂಬತ್ತನೆಯ ತರಗತಿಯಲ್ಲಿದ್ದಾಗ ಪ್ರಬಂಧ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂತು. ವಿಷಯ, ‘ಅಸ್ಪೃಶ್ಯತೆ ಒಂದು ಸಾಮಾಜಿಕ ಪಿಡುಗು’. ನಾಲ್ಕು ಪುಟ ಬರೆದಿದ್ದೆ. ಬುದ್ಧ, ಬಸವಣ್ಣ, ಗಾಂಧೀಜಿ, ಅಂಬೇಡ್ಕರ್ ನಾಲ್ವರೂ ಬಂದಿದ್ದರು. ಅಸ್ಪೃಶ್ಯತೆಯು ನಮ್ಮ ಸಮಾಜವನ್ನು ಶತಮಾನಗಳಿಂದ ಕಾಡುತ್ತಾ ಬಂದಿದೆ, ಅಸ್ಪೃಶ್ಯತೆಯು ದೇಶದ ಪ್ರಗತಿಗೆ ಮಾರಕವಾಗಿದೆ, ಅಸ್ಪೃಶ್ಯತೆಯನ್ನು ಬೇರುಸಹಿತ ಕಿತ್ತೊಗೆಯಬೇಕಾಗಿದೆ. ಒಂದೊಂದು ವಾಕ್ಯಕ್ಕೂ ಅದೇ ಕರ್ತೃ. ಕಾಡುವುದೂ ಅದೇ, ಮಾರಕವಾಗುವುದೂ ಅದೇ. ಬಹುಮಾನದ ಸ್ಟೀಲ್ ಡಬ್ಬಿಯನ್ನು ಮನೆಗೆ ತಂದು ಅಜ್ಜಿಯ ಕೈಗಿಟ್ಟೆ. ಅಜ್ಜಿ ಅದನ್ನು ಅಡುಗೆಮನೆಯ ಅಟ್ಟಣಿಗೆಯ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟಳು.

ಅದೇ ಮನೆಯ ಹಿಂದೆ, ಕೊಟ್ಟಿಗೆಯ ಹೊರಗೋಡೆಯ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ ಇತ್ತು. ನಮ್ಮ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯಲು ಬರುತ್ತಿದ್ದವರೊಬ್ಬರದು ಆ ಲೋಟ. ಅವರದು ಎಂದರೆ ಅವರು ಕೊಂಡದ್ದಲ್ಲ, ಅವರಿಗೆಂದು ಇದ್ದದ್ದು. ಅವರು ಅಜ್ಜಿಗಿಂತಲೂ ವಯಸ್ಸಾದವರು. ಈ ಬರಹದಲ್ಲಿ ಅವರು ಎನ್ನುತ್ತಿದ್ದೇನೆ, ಆಗ ನಾನು ಹೆಸರು ಹಿಡಿದು ಕರೆದು, ಬಾ ಹೋಗು ಎನ್ನುತ್ತಿದ್ದೆ. ಹತ್ತು ವರ್ಷದ ಹುಡುಗ ಅರವತ್ತು ದಾಟಿದವರನ್ನು.

ರೇಷ್ಮೆ ಮನೆಯ ಕೆಲಸ ಗೊತ್ತಿದ್ದವರಿಗೆ ಇದು ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ. ಹುಳು ನಾಲ್ಕನೆಯ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಮಿತಿ ಇಲ್ಲ, ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು, ರಾತ್ರಿಯೂ. ಆಮೇಲೆ ಹುಳು ಹಣ್ಣಾಗುತ್ತದೆ. ಮೈ ತಿಳಿಯಾಗಿ, ತಲೆ ಎತ್ತಿ ಆಡಿಸತೊಡಗಿದ ಹುಳುಗಳನ್ನು ಒಂದೊಂದಾಗಿ ಆರಿಸಿ ಚಂದ್ರಂಕಿಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳು. ಆ ದಿನ ಮನೆಯವರು, ಕೂಲಿಯವರು ಎಂಬ ಭೇದವಿಲ್ಲ, ಎಲ್ಲರ ಕೈಯೂ ಒಂದೇ ತಟ್ಟೆಯಲ್ಲಿ. ಅವರ ಬೆರಳು ಎಲ್ಲರಿಗಿಂತ ಚುರುಕು. ಅವರ ಕೈಯಿಂದ ಚಂದ್ರಂಕಿ ಸೇರಿದ ಹುಳು ಗೂಡು ಕಟ್ಟಿ, ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ನೂಲಾಗಿ, ಎಲ್ಲೋ ಮಗ್ಗಕ್ಕೆ ಹೋಗಿ, ಯಾರದೋ ಮನೆಯಲ್ಲಿ ಪೂಜೆಗೆ ಉಡುವ ಮಡಿ ಬಟ್ಟೆಯಾಗುತ್ತಿತ್ತು. ರೇಷ್ಮೆಗೆ ಮೈಲಿಗೆ ಇಲ್ಲ ಎನ್ನುತ್ತಾರೆ. ಅದನ್ನು ಆರಿಸಿದ ಕೈಗೆ ಮಾತ್ರ ಬೇರೆ ಲೋಟ.

ನನ್ನ ನಾಲ್ಕು ಪುಟದಲ್ಲಿ ಆ ಲೋಟ ಇರಲಿಲ್ಲ. ಬಚ್ಚಿಟ್ಟೆನೆಂದಲ್ಲ. ನನಗೆ ಹೊಳೆಯಲೇ ಇಲ್ಲ. ಅಸ್ಪೃಶ್ಯತೆ ಎಂಬುದು ಪಠ್ಯಪುಸ್ತಕದಲ್ಲಿದ್ದ ಒಂದು ದೊಡ್ಡ ಪದ, ಪ್ಲೇಗಿನಂತೆ, ಬರಗಾಲದಂತೆ ಹೊರಗಿನಿಂದ ಬಂದು ಸಮಾಜವನ್ನು ಕಾಡುವಂಥದ್ದು. ಲೋಟ ಎಂಬುದು ಲೋಟ. ಇವೆರಡಕ್ಕೂ ಸಂಬಂಧವಿದೆ ಎಂದು ನನಗೆ ಹೇಳಿದ್ದು ಹಲವು ವರ್ಷಗಳ ನಂತರ ಜರ್ಮನ್ ತರಗತಿ.

ಹೇಗೆಂದರೆ, ಅಂದು ರಾತ್ರಿ ಬಸ್ಸಿನಲ್ಲಿ ಕೂತು ಮೇಷ್ಟ್ರು ಕೊಟ್ಟ ಪದಗಳಿಗೆ ಕನ್ನಡದವನ್ನು ಹೊಂದಿಸುತ್ತಿದ್ದೆ. ಈ ತನ, ತೆಗಳು ಯಾರಿಗೆ ಸೇರಿದವು ಎಂದು ನೋಡುತ್ತಾ ಹೋದೆ. ಜಾಣತನ ಜಾಣನದು. ಕಳ್ಳತನ ಕಳ್ಳನದು. ಬಡತನ ಬಡವನದು. ಸಣ್ಣತನ ಸಣ್ಣ ಮನಸ್ಸಿನವನದು. ತನ ಎಂಬುದರಲ್ಲಿ ತನ್ನ ಎಂಬುದು ಕಿವಿಗೆ ಹೇಗೂ ಕೇಳಿಸುತ್ತದೆ. ಹಾಗಾದರೆ ಅಸ್ಪೃಶ್ಯತೆ ಯಾರದು? ಪದವನ್ನು ಬಿಡಿಸಿದರೆ ಸಿಗುವುದು ಅಸ್ಪೃಶ್ಯ, ಮುಟ್ಟಬಾರದವನು. ಅವನಲ್ಲಿರುವ ಗುಣ ಅಸ್ಪೃಶ್ಯತೆ. ವ್ಯಾಕರಣದ ಲೆಕ್ಕದಲ್ಲಿ ಅದು ಆ ಲೋಟದಲ್ಲಿ ಕುಡಿದವರಿಗೆ ಸೇರಿದ್ದು. ಆದರೆ ಮುಟ್ಟದೆ ಇದ್ದದ್ದು ಯಾರು? ನಾವು. ಕ್ರಿಯೆ ನಮ್ಮದು, ಗುಣ ಅವರದ್ದು. ಮೊದಲು ಕ್ರಿಯೆಯನ್ನು ತಿರುಗಿಸಿ ಅವರಿಗೆ ವಿಶೇಷಣ ಮಾಡಿದೆವು, ಆಮೇಲೆ ತೆ ಹಚ್ಚಿ ವಿಶೇಷಣವನ್ನು ಅವರ ಮೈಯೊಳಗೆ ಇಟ್ಟೆವು. ಎರಡು ಹೆಜ್ಜೆಯಲ್ಲಿ ನನ್ನ ಮನೆ ಪದದಿಂದ ಹೊರಗೆ ನಡೆದುಬಿಟ್ಟಿತು.

ಪ್ರತ್ಯಯಕ್ಕೆ ಇಷ್ಟು ಭಾರ ಹೊರಿಸುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ನಮ್ಮ ದಾರ್ಶನಿಕರು ನನಗಿಂತ ಹೆಚ್ಚು ಹೊರಿಸಿದ್ದರು. ಎಲ್ಲ ಮಡಕೆಗಳನ್ನೂ ಮಡಕೆ ಎಂದು ಗುರುತಿಸುವಂತೆ ಮಾಡುವ ಘಟತ್ವ ಎಂಬುದೊಂದು ನಿಜವಾಗಿ ಇದೆಯೇ, ಅಥವಾ ಅದು ಬರಿಯ ಮಾತೇ? ಇದೆ, ಪ್ರತಿ ಮಡಕೆಯಲ್ಲೂ ನೆಲೆಸಿದೆ ಎಂದರು ನ್ಯಾಯ ವೈಶೇಷಿಕರು. ಇಲ್ಲ, ಅದು ನಮ್ಮ ಕಲ್ಪನೆ, ನಿಜವಾಗಿರುವುದು ಬಿಡಿ ಬಿಡಿ ವಸ್ತು ಎಂದರು ದಿಙ್ನಾಗನ ದಾರಿಯ ಬೌದ್ಧರು. ಮಡಕೆಯ ಮಾತಾದರೆ ಯಾರಿಗೂ ನಷ್ಟವಿಲ್ಲದ ಜಗಳ. ಆದರೆ ಈ ತ್ವಕ್ಕೆ ಅವರಿಟ್ಟ ಪಾರಿಭಾಷಿಕ ಹೆಸರು ಜಾತಿ. ಗೋತ್ವ ಒಂದು ಜಾತಿ, ಘಟತ್ವ ಒಂದು ಜಾತಿ. ಮೀಮಾಂಸಕ ಕುಮಾರಿಲ ಭಟ್ಟ ಬ್ರಾಹ್ಮಣತ್ವವೂ ಅಂಥದೇ ನಿಜವಾದ ಜಾತಿ ಎಂದು ವಾದಿಸಿದ. ಬೌದ್ಧರು ಒಪ್ಪಲಿಲ್ಲ. ಆಕಳನ್ನೂ ಕುದುರೆಯನ್ನೂ ನೋಡಿದರೆ ಬೇರೆ ಎಂದು ತಿಳಿಯುತ್ತದೆ, ಇಬ್ಬರು ಮನುಷ್ಯರನ್ನು ನೋಡಿದರೆ ಏನು ತಿಳಿಯುತ್ತದೆ ಎಂಬುದು ಆ ಕಡೆಯ ಪ್ರಶ್ನೆ. ಈ ವಾದ ಓದುವಾಗ ನನಗೆ ಕಂಡದ್ದು ಗ್ರಂಥವಲ್ಲ, ನಮ್ಮ ಕೊಟ್ಟಿಗೆಯ ಗೂಡು. ಒಂದು ತ್ವ ನಿಜವಾಗಿ ಒಳಗೆ ನೆಲೆಸಿದೆ ಎಂದು ನಂಬಿದವರು ಮಾತ್ರ ಹಾಗೆ ಒಂದು ಲೋಟವನ್ನು ಬೇರೆ ಇಡಬಲ್ಲರು.

ಜರ್ಮನರ ಕಡೆಗೇ ಮತ್ತೆ ಬರೋಣ, ಅವರ ಭಾಷೆಯಲ್ಲಿ ಒಂದು ಪ್ರತ್ಯಯ ಕೊಟ್ಟ ಏಟು ಇನ್ನೂ ದೊಡ್ಡದು. ಮೆನ್ಶ್ ಎಂದರೆ ಮನುಷ್ಯ. ಮೆನ್ಶ್‌ಹೈಟ್ ಎಂದರೆ ಮನುಕುಲ. ಮೆನ್ಶ್‌ಲಿಷ್ ಎಂದರೆ ಮಾನವೀಯ, ಅದಕ್ಕೆ ಕೈಟ್ ಹತ್ತಿ ಮೆನ್ಶ್‌ಲಿಷ್‌ಕೈಟ್ ಎಂದರೆ ಮಾನವೀಯತೆ, ದಯೆ, ಮರುಕ. ಎರಡನೆಯ ಮಹಾಯುದ್ಧದ ನಂತರ ನ್ಯೂರೆಂಬರ್ಗಿನಲ್ಲಿ ನಾಜಿಗಳ ವಿಚಾರಣೆ ನಡೆಸಲು 1945ರಲ್ಲಿ ಒಂದು ಸನ್ನದು ಸಿದ್ಧವಾಯಿತು. ಅದರಲ್ಲಿ ಹೊಸ ಅಪರಾಧವೊಂದಕ್ಕೆ ಹೆಸರಿಟ್ಟರು. ಇಂಗ್ಲಿಷಿನ ಹ್ಯುಮಾನಿಟಿಗೆ ಮನುಕುಲ, ಮರುಕ ಎರಡೂ ಅರ್ಥ. ಜರ್ಮನ್ನಿಗೆ ತಂದವರು ಒಂದನ್ನು ಆರಿಸಲೇಬೇಕಿತ್ತು, ಮೆನ್ಶ್‌ಲಿಷ್‌ಕೈಟನ್ನು ಆರಿಸಿದರು. ಐಖ್‌ಮನ್‌ನ ವಿಚಾರಣೆಯ ಬಗ್ಗೆ 1963ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಹಾನ್ನಾ ಅರೆಂಟ್ ಇದನ್ನು ಎತ್ತಿಕೊಂಡು ಚುಚ್ಚಿದರು. ಲಕ್ಷಾಂತರ ಜನರನ್ನು ಕೊಂದವರಿಗೆ ಕೊರತೆಯಾದದ್ದು ಕರುಣೆಯೊಂದೇ ಎಂಬಂತಾಯಿತಲ್ಲ ಎಂಬುದು ಅವರ ಸಿಟ್ಟು. ಕಾಂಟ್ 1785ರಲ್ಲಿ ಯಾರನ್ನೂ ಬರಿಯ ಸಾಧನವಾಗಿ ಬಳಸಬೇಡ, ನಿನ್ನಲ್ಲೂ ಇತರರಲ್ಲೂ ಇರುವ ಮೆನ್ಶ್‌ಹೈಟನ್ನು ಗುರಿಯಾಗಿ ಕಾಣು ಎಂದಾಗ ಅವನು ಕೇಳಿದ್ದು ಮರುಕವನ್ನಲ್ಲ, ಹಕ್ಕನ್ನು.

ನಮ್ಮ ಪತ್ರಿಕೆಗಳಲ್ಲಿ ಈ ಅಪರಾಧ ಬರುವುದು ಹೆಚ್ಚಾಗಿ ‘ಮಾನವೀಯತೆಯ ವಿರುದ್ಧದ ಅಪರಾಧ’ ಎಂದೇ. ನಾವೂ ಕೈಟನ್ನೇ ಆರಿಸಿಕೊಂಡಿದ್ದೇವೆ. ಕನ್ನಡದಲ್ಲಿ ಮಾನವೀಯತೆ ಎಂದರೆ ಅಪಘಾತವಾದಾಗ ನೀರು ಕೊಡುವುದು, ಬಡ ವಿದ್ಯಾರ್ಥಿಗೆ ಪುಸ್ತಕ ಕೊಡಿಸುವುದು. ಕೊಟ್ಟರೆ ಪುಣ್ಯ, ಕೊಡದಿದ್ದರೆ ದೂರಲಾಗದು. ನಮ್ಮ ಅಜ್ಜಿಗೆ ಮಾನವೀಯತೆ ಧಾರಾಳವಾಗಿತ್ತು. ಸೊಪ್ಪು ಕೊಯ್ಯುವವರಿಗೆ ಜ್ವರ ಬಂದರೆ ಕಷಾಯ ಕಾಸಿ ಕಳಿಸುತ್ತಿದ್ದಳು, ಹಬ್ಬಕ್ಕೆ ಒಬ್ಬಟ್ಟು ಕಟ್ಟಿಕೊಡುತ್ತಿದ್ದಳು, ಅವರ ಮಗಳ ಫೀಸಿಗೆ ಒಮ್ಮೆ ಸೆರಗಿನ ಗಂಟು ಬಿಚ್ಚಿದ್ದೂ ಇದೆ. ಲೋಟ ಮಾತ್ರ ಗೂಡಿನಲ್ಲೇ ಇತ್ತು.

ಉಂಗ್ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಅದು ಕ್ರಿಯಾಪದಗಳಿಗೆ ಹತ್ತುವ ಬಾಲ. ಬಿಡಿಸು ಎಂಬುದರಿಂದ ಲ್ಯೋಸುಂಗ್, ಪರಿಹಾರ. ನಾಜಿ ಕಚೇರಿಗಳ ಕಾಗದದಲ್ಲಿ ಅದು ಎಂಡ್‌ಲ್ಯೋಸುಂಗ್ ಆಯಿತು, ಕೊನೆಯ ಪರಿಹಾರ. ಊಮ್‌ಸೀಡ್‌ಲುಂಗ್ ಎಂದರೆ ಜನರನ್ನು ಬೇರೆಡೆಗೆ ನೆಲೆಗೊಳಿಸುವುದು, ಜೋಂಡರ್‌ಬೆಹಾಂಡ್‌ಲುಂಗ್ ಎಂದರೆ ವಿಶೇಷ ಉಪಚಾರ. ಎರಡಕ್ಕೂ ಅರ್ಥ ಕೊಲ್ಲುವುದೇ. ಮೂರರಲ್ಲೂ ಕ್ರಿಯೆ ಇದೆ, ಮಾಡಿದವನಿಲ್ಲ, ಮಾಡಿಸಿಕೊಂಡವನೂ ಇಲ್ಲ. ವಿಕ್ಟರ್ ಕ್ಲೆಂಪರರ್ ಎಂಬ ಯಹೂದಿ ಮೂಲದ ಪ್ರೊಫೆಸರ್ ಡ್ರೆಸ್ಡೆನ್ನಿನಲ್ಲಿ ಹುದ್ದೆ ಕಳೆದುಕೊಂಡು, ಆ ಕಾಲದ ಭಾಷೆ ಹೇಗೆ ಕೆಡುತ್ತಿದೆ ಎಂದು ದಿನಚರಿಯಲ್ಲಿ ಗುಟ್ಟಾಗಿ ಟಿಪ್ಪಣಿ ಮಾಡಿಟ್ಟು 1947ರಲ್ಲಿ ಪುಸ್ತಕ ಮಾಡಿದರು. ಕನ್ನಡದಲ್ಲಿ ಆ ಜಾಗಕ್ಕೆ ನಾವು ಕರಣವನ್ನು ತಂದಿಟ್ಟಿದ್ದೇವೆ: ನಗರೀಕರಣ, ಖಾಸಗೀಕರಣ, ರಸ್ತೆ ಅಗಲೀಕರಣ. ಕೊಲೆಯ ಪಕ್ಕದಲ್ಲಿ ರಸ್ತೆಯನ್ನು ಇಡುತ್ತಿಲ್ಲ, ಹೋಲಿಕೆ ವಾಕ್ಯದ ಕಟ್ಟಿನಷ್ಟೇ. ಬಿಡದಿಯ ಕಡೆ ಕೈಗಾರಿಕೆ ಬಂತು ಎನ್ನುತ್ತೇವೆ, ಮಳೆ ಬಂತು ಎನ್ನುವ ಹಾಗೆ. ಮೀನುಗಾರಿಕೆಯ ಹಿಂದೆ ಒಬ್ಬ ಮೀನುಗಾರನಾದರೂ ಇದ್ದಾನೆ. ಕೈಗಾರಿಕೆ ಇದೆ, ಆದರೆ ಕೈಗಾರ ಎಂದು ನಾವು ಯಾರನ್ನೂ ಕರೆಯುವುದಿಲ್ಲ. ಪದದಲ್ಲಿ ಕೈ ಇದೆ, ಕೈಯ ಮನುಷ್ಯ ಕಾಣೆ.

ಇಷ್ಟು ಹೊತ್ತು ಪ್ರತ್ಯಯಗಳ ಮೇಲೆ ಹರಿಹಾಯ್ದೆ. ಆದರೆ ಭಾವನಾಮಗಳೇ ಬೇಡ, ಲೋಟವನ್ನು ಲೋಟ ಎಂದರೆ ಸಾಕು ಎನ್ನಲು ನನಗೆ ಧೈರ್ಯವಿಲ್ಲ. ಲೋಟ ಲೋಟವಾಗಿಯೇ ಉಳಿದಿದ್ದರಿಂದ ಅಲ್ಲವೇ ನಾನು ಅದನ್ನು ನೋಡದೆ ಹೋದದ್ದು? ನಮ್ಮ ಮನೆಯದು ಲೋಟ, ಪಕ್ಕದೂರಿನದು ಬಾವಿ, ಇನ್ನೊಂದು ಕಡೆ ಕ್ಷೌರದ ಕುರ್ಚಿ, ಮತ್ತೊಂದು ಕಡೆ ದೇವಸ್ಥಾನದ ಹೊಸ್ತಿಲು. ಇವೆಲ್ಲ ಒಂದೇ ಎಂದು ಹೇಳಲು ಒಂದು ಹೆಸರು ಬೇಕೇ ಬೇಕು. ಹೆಸರಿಲ್ಲದಿದ್ದರೆ ಪ್ರತಿಯೊಂದೂ ಆಯಾ ಮನೆಯ ಪದ್ಧತಿ. ಬಡತನ ಎಂಬ ಮಾತೂ ಹಾಗೆಯೇ. ಅವನು ಬಡವ ಎಂದರೆ ತಪ್ಪು ಅವನದಿರಬಹುದು ಎನಿಸುತ್ತದೆ. ಬಡತನ ಎಂದಾಗ ಅದು ಅವನೊಬ್ಬನದಲ್ಲ, ಊರಿನದು, ದೇಶದ್ದು, ಅದಕ್ಕೆ ಕಾರಣಗಳಿವೆ ಎಂದು ಯೋಚಿಸಲು ದಾರಿ ಬಿಡುತ್ತದೆ. ಭಾವನಾಮವಿಲ್ಲದೆ ಕಾನೂನು ಬರೆಯಲಾಗುವುದಿಲ್ಲ. ಪಟೇಲನನ್ನು ತೆಗೆದರೆ ಇನ್ನೊಬ್ಬ ಪಟೇಲ ಬರುತ್ತಾನೆ. ಪಟೇಲಿಕೆಯನ್ನು, ಶ್ಯಾನುಭೋಗಿಕೆಯನ್ನು ತೆಗೆದದ್ದು 1961ರ ಕಾಯ್ದೆ. ಇಕೆ ಹೋಯಿತು, ನಮ್ಮ ಕಡೆ ಕೆಲವು ಮನೆಗಳಲ್ಲಿ ಗತ್ತು ಉಳಿಯಿತು, ಅದು ಬೇರೆ ಮಾತು.

ಸಂವಿಧಾನದ 17ನೆಯ ವಿಧಿ ನೋಡಿ. ಅಸ್ಪೃಶ್ಯತೆ ರದ್ದಾಗಿದೆ, ಯಾವ ರೂಪದಲ್ಲೂ ಅದರ ಆಚರಣೆ ನಿಷಿದ್ಧ ಎಂಬುದು ಅದರ ಸಾರ. ಮೊದಲರ್ಧ ಭಾವನಾಮ, ಎರಡನೆಯರ್ಧ ಆಚರಣೆ, ಅಂದರೆ ಆಚರಿಸುವವನೊಬ್ಬ ಇದ್ದಾನೆ ಎಂದಾಯಿತು. ಇಂಗ್ಲಿಷ್ ಮೂಲದಲ್ಲಿ ಆ ಪದವನ್ನು ಉದ್ಧರಣ ಚಿಹ್ನೆಗಳ ಒಳಗಿಟ್ಟಿದ್ದಾರೆ, ಅದರ ಅರ್ಥ ಏನೆಂದು ಎಲ್ಲೂ ವಿವರಿಸಿಲ್ಲ. ಇದು ನ್ಯಾಯಾಲಯದ ಮುಂದೆ ಬಂದದ್ದು ನಮ್ಮ ಮೈಸೂರು ಹೈಕೋರ್ಟಿನಲ್ಲೇ. 1958ರ ಎ.ಐ.ಆರ್. ಸಂಪುಟದಲ್ಲಿ ವರದಿಯಾಗಿರುವ ದೇವರಾಜಯ್ಯ ವಿರುದ್ಧ ಪದ್ಮಣ್ಣ ಎಂಬ, ಸಾಮಾಜಿಕ ಬಹಿಷ್ಕಾರಕ್ಕೆ ಸಂಬಂಧಿಸಿದ ಪ್ರಕರಣ ಅದು. ಈ ಪದವನ್ನು ಅಕ್ಷರಶಃ, ವ್ಯಾಕರಣದ ಅರ್ಥದಲ್ಲಿ ತೆಗೆದುಕೊಳ್ಳುವಂತಿಲ್ಲ, ಈ ದೇಶದ ಚರಿತ್ರೆಯಲ್ಲಿ ಬೆಳೆದುಬಂದ ಆಚರಣೆ ಎಂದೇ ಓದಬೇಕು ಎಂದು ನ್ಯಾಯಾಲಯ ಹೇಳಿತು. ನಾನು ಬಸ್ಸಿನಲ್ಲಿ ಕೂತು ಪದ ಬಿಡಿಸಿ ಕಂಡುಕೊಂಡೆ ಎಂದು ಬೀಗಿದ್ದನ್ನು ಅವರು ಎಂದೋ ನೋಡಿ, ವ್ಯಾಕರಣದಿಂದ ದಾರಿ ಸಿಗದು ಎಂದು ಪಕ್ಕಕ್ಕೆ ಸರಿಸಿದ್ದರು. 1955ರ ಕಾಯ್ದೆ ಇನ್ನೂ ಕೆಳಗಿಳಿದು ಬರುತ್ತದೆ, ಅಂಗಡಿ, ಹೋಟೆಲು, ಬಾವಿ, ಹೋಟೆಲಿನಲ್ಲಿಟ್ಟ ಪಾತ್ರೆಗಳವರೆಗೂ. ಪಾತ್ರೆ ಎಂಬ ಪದ ಓದಿದಾಗ ಎದೆ ಒಮ್ಮೆ ಧಸಕ್ಕೆಂದಿತು. ಆದರೆ ಅದು ಹೋಟೆಲಿನ ಪಾತ್ರೆ. ಕೊಟ್ಟಿಗೆಯ ಗೂಡು ಆ ಪಟ್ಟಿಯಲ್ಲಿಲ್ಲ.

ನಮ್ಮ ಕಡೆಯವರೇ ಆದ ಸಿದ್ಧಲಿಂಗಯ್ಯನವರು, ಮಾಗಡಿ ತಾಲ್ಲೂಕಿನ ಮಂಚನಬೆಲೆಯವರು, ‘ಊರು ಕೇರಿ’ಯ ಆರಂಭದಲ್ಲಿ ಒಂದು ದೃಶ್ಯ ಹೇಳುತ್ತಾರೆ. ಇಬ್ಬರು ಮನುಷ್ಯರ 
ಹೆಗಲ ಮೇಲೆ ನೊಗ ಇಟ್ಟು ಹೊಲ ಉಳುತ್ತಿರುತ್ತಾರೆ, ಅವರಲ್ಲಿ ಒಬ್ಬರು ಹುಡುಗನ ಅಪ್ಪ. ಶೋಷಣೆ ಎಂಬ ಪದ ನನಗೆ ಹತ್ತು ವರ್ಷದಿಂದ ಗೊತ್ತಿತ್ತು. ಆ ಪುಟ ಓದಿದ ಮೇಲೆ ನೆನಪಿನಲ್ಲಿ ಉಳಿದದ್ದು ನೊಗ. ಆದರೆ ಪದ ಮೊದಲೇ ಗೊತ್ತಿರದಿದ್ದರೆ ಆ ನೊಗ ನನಗೆ ನೊಗವಾಗಿ ಕಾಣುತ್ತಿತ್ತೇ? ಈ ಪ್ರಶ್ನೆಯಲ್ಲಿ ನಾನು ಇನ್ನೂ ಸಿಕ್ಕಿಕೊಂಡಿದ್ದೇನೆ. ಸದ್ಯಕ್ಕೆ ನಾನು ಹಿಡಿದಿರುವ ಕೊನೆ ಇದು: ಭಾವನಾಮ ಬಳಸಿದಾಗಲೆಲ್ಲ ಅದನ್ನು ಮತ್ತೆ ಕ್ರಿಯಾಪದಕ್ಕೆ ಇಳಿಸಿ ನೋಡಬೇಕು. ಯಾರು, ಯಾರಿಗೆ, ಏನು ಮಾಡಿದರು? ಇಳಿಸಲು ಬಂದರೆ ಪದ ಉಪಯೋಗಕ್ಕಿದೆ. ಇಳಿಸಲು ಹೋದಾಗ ಬಾಯಿ ಒಣಗಿದರೆ ಆ ಪದದ ಹಿಂದೆ ನಾನೇ ನಿಂತಿರಬಹುದು.

ಇದನ್ನು ಕಂಡುಕೊಂಡ ಉತ್ಸಾಹದಲ್ಲಿ ಮುಂದಿನ ವಾರವೇ ಊರಿಗೆ ಹೋಗಿ ಅಜ್ಜಿಯನ್ನು ಕೇಳಿದೆ. ಅಷ್ಟರಲ್ಲಿ ಕೊಟ್ಟಿಗೆ ಹೋಗಿ ಅಲ್ಲಿ ಹುಳು ಸಾಕುವ ಹೊಸ ಶೆಡ್ಡು ಎದ್ದಿತ್ತು, ಗೂಡಿಗೆ ಸಿಮೆಂಟು ಬಿದ್ದಿತ್ತು. ಅವರಿಗೆ ಯಾಕೆ ಬೇರೆ ಲೋಟ ಇಡುತ್ತಿದ್ದೆ ಎಂದೆ. ಅಜ್ಜಿ ಅವರೆಕಾಯಿ ಸುಲಿಯುತ್ತಾ ತಲೆ ಎತ್ತದೆ ಹೇಳಿದಳು: “ಅದೆಲ್ಲಾ ಇಂದ್ಲಿಂದ ನಡ್ಕಂಡ್ ಬಂದದ್ದು ಕಣ್ಲಾ ಮಗ. ನಾವೇನ್ ಮಾಡಿದ್ದಾ?”

ನಡ್ಕಂಡ್ ಬಂದದ್ದು. ನನ್ನ ಸಿದ್ಧಾಂತ ಅಲ್ಲೇ ಅರ್ಧ ಮುರಿದುಬಿತ್ತು. ಅಜ್ಜಿಗೆ ತೆ ಗೊತ್ತಿಲ್ಲ, ತ್ವ ಗೊತ್ತಿಲ್ಲ, ಅವಳು ಬಳಸಿದ್ದು ಅಪ್ಪಟ ಕನ್ನಡದ ಕ್ರಿಯಾಪದ, ಅದೂ ನಡೆ ಎಂಬ ಮೈಕಾಲಿರುವ ಕ್ರಿಯಾಪದ. ಆದರೂ ನಡೆದವರು ಯಾರೂ ಇಲ್ಲ. ಪದ್ಧತಿ ತಾನೇ ತನ್ನ ಕಾಲಮೇಲೆ ನಡೆದುಕೊಂಡು ಬಂದು ನಮ್ಮ ಗೋಡೆಯ ಗೂಡಿನಲ್ಲಿ ಕೂತುಕೊಂಡಿತಂತೆ. ಅಡಗಬೇಕೆಂದವನಿಗೆ ಪ್ರತ್ಯಯವೇ ಬೇಕೆಂದಿಲ್ಲ.

ಈ ಬರಹದ ಮೊದಲ ಕರಡನ್ನು ಬರೆದಾಗ ಲೋಟದ ಬಗ್ಗೆ ಒಂದು ಪ್ಯಾರಾ ಸೇರಿಸಿದೆ. ಪ್ರಕಟಿಸುವ ಮೊದಲು ತೋರಿಸಬೇಕಾದವರು ಒಬ್ಬರಿದ್ದರು, ಸೊಪ್ಪು ಕೊಯ್ಯಲು ಬರುತ್ತಿದ್ದವರ ಮಗಳು. ನನಗಿಂತ ಎರಡು ವರ್ಷ ದೊಡ್ಡವರು, ಊರಿನ ಅದೇ ಶಾಲೆಯಲ್ಲಿ ಓದಿದವರು, ಈಗ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾರೆ. ಅವರ ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿವೆ. ಫೋನಿನಲ್ಲಿ ಕಳಿಸಿದೆ. ಎರಡು ದಿನ ಏನೂ ಬರಲಿಲ್ಲ. ಮೂರನೆಯ ದಿನ ಅವರೇ ಫೋನು ಮಾಡಿದರು. ಕುಮಾರಿಲ ಭಟ್ಟನ ಭಾಗ ಚೆನ್ನಾಗಿದೆ, ಮಕ್ಕಳಿಗೆ ಹೇಳುತ್ತೇನೆ ಎಂದರು. ಆಮೇಲೆ, “ಲೋಟದ ಪ್ಯಾರಾದಲ್ಲಿ ಒಂದು ವಾಕ್ಯ ಇದೆಯಲ್ಲ, ‘ಅವರಿಗೆ ಪ್ರತ್ಯೇಕ ಲೋಟದಲ್ಲಿ ಕಾಫಿ ಕೊಡಲಾಗುತ್ತಿತ್ತು’ ಅಂತ. ಕರ್ಮಣಿ ಪ್ರಯೋಗ. ಕರ್ತರಿಗೆ ಪರಿವರ್ತಿಸಿ ಅಂದರೆ ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಮಾಡ್ತಾರೆ. ನೀವು ಮಾಡಿ ನೋಡಿ” ಎಂದರು.

ಸಿಟ್ಟಿನಿಂದ ಹೇಳಲಿಲ್ಲ. ಪಾಠ ಮಾಡುವವರ ಧ್ವನಿಯಲ್ಲೇ ಹೇಳಿದರು.

ರಾತ್ರಿ ಕೂತು ತಿದ್ದಿದೆ. ಅಜ್ಜಿ ಕಾಫಿ ಕಾಸುತ್ತಿದ್ದಳು. ತಂಬಿಗೆಗೆ ಬಗ್ಗಿಸಿ ನನ್ನ ಕೈಗೆ ಕೊಡುತ್ತಿದ್ದಳು. ಅವರು ಗೂಡಿನಿಂದ ಲೋಟ ತೆಗೆದು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ನಾನು ತಂಬಿಗೆ ಲೋಟಕ್ಕೆ ತಾಗದಂತೆ ಮೇಲಿನಿಂದ ಸುರಿಯುತ್ತಿದ್ದೆ. ಒಂದು ಹನಿಯೂ ಚೆಲ್ಲದಂತೆ ಸುರಿಯುತ್ತೇನೆಂದು ನನಗೆ ಹೆಮ್ಮೆ ಇತ್ತು.

ಇಷ್ಟನ್ನು ಮತ್ತೆ ಅವರಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: “ಸರಿ ಇದೆ. ಲೋಟ ತೊಳೀತಿದ್ದದ್ದು?”

ಅವರೇ ತೊಳೆದು, ನೀರು ಬಸಿಯಲೆಂದು ಗೂಡಿನಲ್ಲಿ ಬೋರಲು ಹಾಕಿ ಹೋಗುತ್ತಿದ್ದರು. ಅದನ್ನೂ ಸೇರಿಸಿದ್ದೇನೆ.